ನೋರ್ಮಾ ಮತ್ತು ಮರಿಯಾ ಕಲ್ಲಾಸ್: ನಂಟು ಬದುಕಿನದೋ, ಕೊರಳಿನದೋ?

ಪ್ರಶ್ನೆ: ಪಾಶ್ಚಾತ್ಯ ಸಂಗೀತ ನನಗೆ ಹೊಸದು. ಮರಿಯಾ ಕಲ್ಲಾಸ್ 1958ರಲ್ಲಿ ಪ್ಯಾರಿಸ್ಸಿನಲ್ಲಿ ‘ಕಾಸ್ತಾ ದೀವಾ’ ಹಾಡಿದ ಕಪ್ಪು-ಬಿಳುಪು ವಿಡಿಯೊ ನೋಡಿದ ಮೇಲೆ ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಅದು ‘ನೋರ್ಮಾ’ ಎಂಬ ಇಟಾಲಿಯನ್ ಒಪೆರಾದ ಹಾಡು ಎಂದು ತಿಳಿಯಿತು. ಎಲ್ಲಿ ಓದಿದರೂ ನೋರ್ಮಾ ಅಂದರೆ ಕಲ್ಲಾಸ್ ಅನ್ನುತ್ತಾರೆ. ಹಾಗೇಕೆ? ಪ್ರೇಮಿಯಿಂದ ಮೋಸಹೋದ ನೋರ್ಮಾಳ ಕಥೆ, ಒನಾಸಿಸ್ ಕೈಬಿಟ್ಟ ಕಲ್ಲಾಸರ ಕಥೆಯೇ ಆಗಿದ್ದರಿಂದ ಅಷ್ಟು ಚೆನ್ನಾಗಿ ಹಾಡಿದರು ಎನ್ನುವುದು ನಿಜವೇ? ರೋಮ್‌ನಲ್ಲಿ ರಾಷ್ಟ್ರಾಧ್ಯಕ್ಷರ ಎದುರಿಗೇ ಅರ್ಧಕ್ಕೆ ಬಿಟ್ಟು ಹೋದರಂತಲ್ಲ?

ಉತ್ತರ:

ಒನಾಸಿಸ್ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆ ಕಥೆ ಎಷ್ಟು ಹಬ್ಬಿದೆಯೆಂದರೆ ಅದನ್ನು ದಾಟದೆ ಮುಂದೆ ಹೋಗಲು ದಾರಿಯಿಲ್ಲ. ನಿಜವಲ್ಲ. ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಕಲ್ಲಾಸ್ ಮೊದಲ ಸಲ ನೋರ್ಮಾ ಆಗಿ ರಂಗಕ್ಕೆ ಬಂದದ್ದು 1948ರ ನವೆಂಬರ್ 30ರಂದು, ಫ್ಲಾರೆನ್ಸ್ ನಗರದಲ್ಲಿ. ಅವರಿಗೆ 25 ತುಂಬಲು ಇನ್ನೂ ಎರಡು ದಿನ ಇತ್ತು. ಹಡಗುಗಳ ಒಡೆಯ ಒನಾಸಿಸ್ ಪರಿಚಯವಾದದ್ದು 1957ರಲ್ಲಿ, ಸ್ನೇಹ ಪ್ರೇಮಕ್ಕೆ ತಿರುಗಿದ್ದು 1959ರ ಬೇಸಿಗೆಯಲ್ಲಿ. ಆತ ಜಾಕ್ವೆಲಿನ್ ಕೆನಡಿಯನ್ನು ಮದುವೆಯಾದದ್ದು 1968ರ ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಕಲ್ಲಾಸ್ ಕೊನೆಯ ನೋರ್ಮಾ ಹಾಡಿ ಮೂರು ವರ್ಷ ಕಳೆದಿತ್ತು. ಆಕೆಯ ಅತ್ಯುತ್ತಮ ನೋರ್ಮಾ ಎಂದು ಬಲ್ಲವರು ಹೇಳುವ ಪ್ರಯೋಗಗಳೆಲ್ಲ 1952ರಿಂದ 1955ರ ನಡುವಿನವು. ಆಗ ಅವರು ವೆರೋನಾದ ಉದ್ಯಮಿ ಮೆನೆಗೀನಿಯ ಹೆಂಡತಿಯಾಗಿ, ನೆಮ್ಮದಿಯ ಸಂಸಾರದಲ್ಲಿದ್ದರು.

ಈ ಕಥೆಯ ಮೇಲೆ ನನಗೆ ಸಿಟ್ಟಿರುವುದಕ್ಕೆ ಕಾರಣ ಬೇರೆ ಇದೆ. ಹೆಣ್ಣುಮಗಳೊಬ್ಬಳು ಅದ್ಭುತವಾಗಿ ಹಾಡಿದರೆ ಅದು ಅವಳು ಪಟ್ಟ ಪಾಡಿನ ಫಲ ಎಂದುಬಿಡುವುದು ಬಹಳ ಸಲೀಸು. ಆಗ ಅವಳ ಓದು, ಸಾಧನೆ, ಕೊರಳಿನ ದುಡಿಮೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಮೋಸಹೋದವರೆಲ್ಲ ನೋರ್ಮಾ ಹಾಡಬಲ್ಲರೆ? ಆ ಪಾತ್ರವನ್ನು ಹೊರಬಲ್ಲ ಗಾಯಕಿಯರು ಒಂದು ತಲೆಮಾರಿಗೆ ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಕಲ್ಲಾಸ್‌ಗೂ ನೋರ್ಮಾಗೂ ಇರುವ ನಂಟು ಗಟ್ಟಿಯಾದದ್ದೇ. ಆದರೆ ಅದನ್ನು ಹುಡುಕಬೇಕಾದ್ದು 1831ರ ಮಿಲಾನ್‌ನಲ್ಲಿ, ಈ ಪಾತ್ರ ಯಾರ ಕೊರಳಿಗಾಗಿ ಹುಟ್ಟಿತೋ ಆ ಗಾಯಕಿಯಲ್ಲಿ.

ಅದಕ್ಕೆ ಮೊದಲು ಕಥೆ ಗೊತ್ತಿರಬೇಕು. ಕ್ರಿಸ್ತಪೂರ್ವ 50ರ ಸುಮಾರು. ಇಂದಿನ ಫ್ರಾನ್ಸ್ ಇರುವ ಗಾಲ್ ನಾಡು ರೋಮನ್ನರ ಕೈಕೆಳಗಿದೆ. ಅಲ್ಲಿನ ಜನ ಮರಗಳನ್ನು, ಚಂದ್ರನನ್ನು ಪೂಜಿಸುವವರು, ಡ್ರೂಯಿಡರು ಅವರ ಪುರೋಹಿತರು. ನೋರ್ಮಾ ಅವರ ಪ್ರಧಾನ ಅರ್ಚಕಿ, ಕನ್ಯಾವ್ರತ ತೊಟ್ಟವಳು. ಅವಳ ತಂದೆ ಒರೊವೇಸೊ ಕುಲದ ಮುಖ್ಯಸ್ಥ. ರೋಮನ್ನರ ಮೇಲೆ ದಂಡೆತ್ತಿ ಹೋಗಲು ಜನ ಕುದಿಯುತ್ತಿದ್ದಾರೆ. ದೇವರ ಅಪ್ಪಣೆ ಆಗಬೇಕು, ಅದು ನೋರ್ಮಾಳ ಬಾಯಿಂದಲೇ ಬರಬೇಕು. ಯಾರಿಗೂ ತಿಳಿಯದ ಗುಟ್ಟೆಂದರೆ, ರೋಮನ್ ಅಧಿಪತಿ ಪೊಲಿಯೋನೆಯಿಂದ ಅವಳಿಗೆ ಎರಡು ಮಕ್ಕಳಿವೆ. ಆತನ ಮನಸ್ಸು ಈಗ ಅದಾಲ್ಜೀಸಾ ಎಂಬ ಎಳೆಯ ಅರ್ಚಕಿಯ ಕಡೆ ತಿರುಗಿದೆ. ಏನೂ ಅರಿಯದ ಅದಾಲ್ಜೀಸಾ ನೋರ್ಮಾಳ ಬಳಿಯೇ ಬಂದು ತನ್ನ ಪ್ರೇಮವನ್ನು ಹೇಳಿಕೊಳ್ಳುತ್ತಾಳೆ. ನೋರ್ಮಾ ಸೇಡಿಗಾಗಿ ಮಲಗಿದ ಮಕ್ಕಳ ಮೇಲೆ ಕಠಾರಿ ಎತ್ತುತ್ತಾಳೆ, ಇರಿಯಲಾರದೆ ನಿಲ್ಲುತ್ತಾಳೆ. ಕೊನೆಗೆ ಯುದ್ಧ ಸಾರುತ್ತಾಳೆ. ದೇಗುಲದಲ್ಲಿ ಸಿಕ್ಕಿಬಿದ್ದ ಪೊಲಿಯೋನೆ ಅವಳ ಕೈವಶವಾಗುತ್ತಾನೆ. ವ್ರತಭ್ರಷ್ಟಳಾದ ಅರ್ಚಕಿಯೊಬ್ಬಳು ಇದ್ದಾಳೆ, ಚಿತೆ ಸಿದ್ಧಮಾಡಿ ಎನ್ನುತ್ತಾಳೆ. ಯಾರು ಎಂದು ಜನ ಕೇಳಿದಾಗ ಅದಾಲ್ಜೀಸಾಳ ಹೆಸರು ಹೇಳಲಿಲ್ಲ. ‘ಸೋನ್ ಈಯೊ’ ಅನ್ನುತ್ತಾಳೆ. ನಾನೇ.

ಸಿಸಿಲಿಯ ಕತಾನಿಯಾದಲ್ಲಿ ಹುಟ್ಟಿದ ವಿನ್ಚೆನ್ಸೊ ಬೆಲ್ಲೀನಿ ಇದಕ್ಕೆ ಸಂಗೀತ ಕೂರಿಸಿದಾಗ ಅವರಿಗೆ 30 ವರ್ಷ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದಿದ್ದ ಅಲೆಕ್ಸಾಂದ್ರ್ ಸೂಮೆಯ ನಾಟಕವನ್ನು ಫೆಲಿಚೆ ರೊಮಾನಿ ಪದ್ಯರೂಪಕ್ಕೆ ತಂದುಕೊಟ್ಟರು. 1831ರ ಡಿಸೆಂಬರ್ 26ರಂದು ಮಿಲಾನ್‌ನ ಲಾ ಸ್ಕಾಲಾದಲ್ಲಿ ಮೊದಲ ಪ್ರದರ್ಶನ. ಆ ರಾತ್ರಿ ಜನ ತಣ್ಣಗಿದ್ದರು. ಎಲ್ಲ ಮುಗ್ಗರಿಸಿತು ಎಂದು ಬೆಲ್ಲೀನಿ ಗೆಳೆಯನಿಗೆ ಕಾಗದ ಬರೆದರು. ಕೆಲವೇ ದಿನಗಳಲ್ಲಿ ಗಾಳಿ ತಿರುಗಿತು, ಒಪೆರಾ ಯೂರೋಪಿನ ತುಂಬ ಓಡಾಡಿತು. ಮಿಲಾನ್ ಆಗ ಆಸ್ಟ್ರಿಯದವರ ಆಳ್ವಿಕೆಯಲ್ಲಿತ್ತು ಎನ್ನುವುದನ್ನೂ ನೆನಪಿಡಿ. 1859ರಲ್ಲಿ ಎರಡನೆಯ ಅಂಕದ ‘ಗುವೆರ್ರಾ, ಗುವೆರ್ರಾ’, ಅಂದರೆ ಯುದ್ಧ, ಯುದ್ಧ ಎಂಬ ಮೇಳಗೀತಕ್ಕೆ ಲಾ ಸ್ಕಾಲಾದ ಪ್ರೇಕ್ಷಕರೇ ಎದ್ದು ದನಿಗೂಡಿಸಿದರು.

ಬೆಲ್ಲೀನಿ ಈ ಪಾತ್ರವನ್ನು ಬರೆದದ್ದು ಜುದಿತ್ತಾ ಪಾಸ್ತಾ ಎಂಬ ಗಾಯಕಿಗಾಗಿ. ಆ ಕಾಲದಲ್ಲಿ ಸಂಗೀತಗಾರ ಮೊದಲು ಗಾಯಕಿಯ ಕೊರಳನ್ನು ಅರಿತು ಆಮೇಲೆ ಸ್ವರ ಹಾಕುತ್ತಿದ್ದ. ಪಾಸ್ತಾ ಕಂಠ ಇಂಪಿನ ಕಂಠವಲ್ಲ. ಕೆಳಗಿನ ಸ್ವರಗಳದೊಂದು ಬಣ್ಣ, ನಡುವಿನವಕ್ಕೆ ಮಬ್ಬು ಕವಿದ ಇನ್ನೊಂದು ಬಣ್ಣ, ಮೇಲಿನವು ಮತ್ತೊಂದು. ಫ್ರೆಂಚ್ ಲೇಖಕ ಸ್ಟೆಂಡಾಲ್ 1824ರಷ್ಟು ಹಿಂದೆಯೇ ಇದನ್ನು ಗುರುತಿಸಿ, ಆಕೆಯ ದನಿ ಒಂದೇ ಲೋಹದಿಂದ ಎರಕ ಹೊಯ್ದದ್ದಲ್ಲ, ಆ ವೈವಿಧ್ಯದಲ್ಲೇ ಅದರ ಶಕ್ತಿ ಇದೆ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಪಾಸ್ತಾ ಮಹಾನ್ ನಟಿ. ಮಾತಿನ ತೂಕ ಅರಿತು ಸ್ವರವನ್ನು ಬಾಗಿಸಬಲ್ಲವರು. ಹೀಗಾಗಿ ಬೆಲ್ಲೀನಿ ಆಕೆಗಾಗಿ ಬರೆದ ಪಾತ್ರದಲ್ಲಿ ಎರಡು ಬೇರೆ ಬೇರೆ ಗಾಯಕಿಯರಿಗೆ ಸಾಕಾಗುವಷ್ಟು ಕೆಲಸವಿದೆ.

ಒಂದು ಕಡೆ ನೂಲಿನ ಹಾಗೆ ಎಳೆದಷ್ಟೂ ಮುಗಿಯದ ಆಲಾಪ. ಬೆಲ್ಲೀನಿಯ ರಾಗಗಳು ಉದ್ದ, ಉದ್ದ, ಉದ್ದ, ಅವರಿಗೆ ಮೊದಲು ಯಾರೂ ಹಾಗೆ ಬರೆದಿರಲಿಲ್ಲ ಎಂದು ಇಟಲಿಯ ಇನ್ನೊಬ್ಬ ದೊಡ್ಡ ಒಪೆರಾ ಸಂಗೀತಗಾರ ವೆರ್ದಿ ಮುಪ್ಪಿನಲ್ಲಿ ಹೇಳಿದ್ದು ಇದಕ್ಕೇ. ಅದರ ಮೇಲೆ ಮಿಂಚಿನ ವೇಗದ ಸ್ವರಗುಚ್ಛಗಳು. ಹಿಂದೂಸ್ತಾನಿ ಗಾಯನದ ತಾನ್‌ಗಳನ್ನು ಕೇಳಿ ಬೆಳೆದ ಕಿವಿಗೆ ಇವುಗಳ ಕಷ್ಟ ಬೇಗ ತಿಳಿಯುತ್ತದೆ. ಇಟಲಿಯವರು ಕೊಲೊರಾತೂರಾ ಎನ್ನುವುದು ಇದನ್ನೇ. ಇನ್ನೊಂದು ಕಡೆ, ಆರ್ಕೆಸ್ಟ್ರಾದ ಮೇಲೆ ಹಾಯ್ದು ಬರುವ ಆರ್ಭಟ, ಎದೆಯಾಳದ ಮಂದ್ರದಲ್ಲಿ ಉಗುಳಬೇಕಾದ ಶಾಪ. ಜೊತೆಗೆ ಹಾಡೂ ಅಲ್ಲದ ಮಾತೂ ಅಲ್ಲದ ರೆಚಿತತೀವೊ ಎಂಬ ಭಾಗಗಳು ಪುಟಗಟ್ಟಲೆ. ನೋರ್ಮಾಳ ನಿಜವಾದ ನಾಟಕ ನಡೆಯುವುದು ಅಲ್ಲೇ.

ಪಾಸ್ತಾ ನಂತರ ಇಂಥ ಕೊರಳು ಅಪರೂಪವಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಂತೆ ಆರ್ಕೆಸ್ಟ್ರಾಗಳು ದೊಡ್ಡದಾದವು, ಜರ್ಮನಿಯಲ್ಲಿ ವಾಗ್ನರ್ ಬಂದರು, ಇಟಲಿಯಲ್ಲಿ ಪುಚ್ಚೀನಿ ಬಂದರು. ಸೊಪ್ರಾನೊ, ಅಂದರೆ ಎತ್ತರದ ಹೆಣ್ಣುದನಿಯ ಗಾಯಕಿಯರು ಎರಡು ಗುಂಪಾದರು. ಭಾರದ ದನಿಯವರು ದುರಂತ ಪಾತ್ರಗಳಿಗೆ. ಹಗುರ ದನಿಯವರು ಹಕ್ಕಿಯಂತೆ ಚಿಲಿಪಿಲಿಗುಡುವ ಪಾತ್ರಗಳಿಗೆ. ನೋರ್ಮಾ ಮೊದಲ ಗುಂಪಿನ ಪಾಲಾದಳು. ಆ ಗಾಯಕಿಯರು ವೇಗದ ಭಾಗಗಳನ್ನು ಸರಳಗೊಳಿಸಿ, ಕೆಲವನ್ನು ಬಿಟ್ಟು ಹಾಡುತ್ತಿದ್ದರು. ಎರಡನ್ನೂ ಬಲ್ಲ ಜರ್ಮನ್ ಗಾಯಕಿ ಲಿಲ್ಲಿ ಲೇಮನ್, ಒಂದು ನೋರ್ಮಾ ಹಾಡುವುದಕ್ಕಿಂತ ವಾಗ್ನರನ ಮೂರು ಒಪೆರಾಗಳಲ್ಲಿ ಬರುವ ಬ್ರುನ್‌ಹಿಲ್ಡೆ ಎಂಬ ಭಾರದ ಪಾತ್ರವನ್ನು ಮೂರರಲ್ಲೂ ಹಾಡುವುದು ಸುಲಭ ಎಂದಿದ್ದರು. ಕಲ್ಲಾಸ್‌ಗೆ ಮೊದಲು ಈ ಪಾತ್ರಕ್ಕೆ ನ್ಯಾಯ ಕೊಟ್ಟವರಲ್ಲಿ ಎದ್ದು ಕಾಣುವ ಹೆಸರು ಅಮೆರಿಕದ ರೋಸಾ ಪೊನ್‌ಸೆಲ್. 1927ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ ಅವರು ಹಾಡಿದಾಗ ವಾದ್ಯವೃಂದ ನಡೆಸಿದವರು ತುಲ್ಲಿಯೊ ಸೆರಾಫಿನ್. ಈ ಹೆಸರನ್ನು ನೆನಪಿನಲ್ಲಿಡಿ.

ಕಲ್ಲಾಸ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, 1923ರ ಡಿಸೆಂಬರ್ 2ರಂದು, ಗ್ರೀಕ್ ವಲಸಿಗರ ಮಗಳಾಗಿ. ಹದಿಮೂರರ ವಯಸ್ಸಿಗೆ ತಾಯಿಯೊಡನೆ ಅಥೆನ್ಸ್‌ಗೆ ಹೋದರು. ಅಲ್ಲಿ ಸಿಕ್ಕ ಗುರು ಎಲ್ವೀರಾ ದೆ ಇಡಾಲ್ಗೊ, ಸ್ಪೇನಿನ ಕೊಲೊರಾತೂರಾ ಗಾಯಕಿ. ಶಿಷ್ಯೆಯ ದನಿ ದಪ್ಪ, ದೊಡ್ಡದು. ಗುರು ಕಲಿಸಿದ್ದು ಮಾತ್ರ ಹಗುರ ದನಿಯವರ ವಿದ್ಯೆಯನ್ನು: ಕಂಪನ, ಏರಿಳಿತ, ಸ್ವರದಿಂದ ಸ್ವರಕ್ಕೆ ಜಾರುವ ನಯ. ತನ್ನ ಪಾಠ ಮುಗಿದರೂ ಹೋಗದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಉಳಿದವರ ಪಾಠಗಳನ್ನೆಲ್ಲ ಕೇಳುತ್ತ ಕೂರುತ್ತಿದ್ದೆ ಎಂದು ಕಲ್ಲಾಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಭಾರದ ದನಿಗೆ ಹಗುರ ದನಿಯ ಶಿಕ್ಷಣ ಸಿಕ್ಕಿತು. ನೋರ್ಮಾ ಕೇಳುವುದೂ ಇದನ್ನೇ.

1947ರಲ್ಲಿ ಇಟಲಿಗೆ ಬಂದು ವೆರೋನಾದ ಬಯಲು ರಂಗದಲ್ಲಿ ‘ಲಾ ಜೊಕೊಂದಾ’ ಹಾಡಿದರು. ಸೆರಾಫಿನ್ ಅಲ್ಲೂ ವಾದ್ಯವೃಂದದ ಮುಂದಿದ್ದರು. ಮೊದಲ ನೋರ್ಮಾಗೆ ಕಲ್ಲಾಸರನ್ನು ತಯಾರು ಮಾಡುವಾಗ ಅವರಿಗೆ 70 ವರ್ಷ. ಆಗಿನ ಒಂದು ಮಾತನ್ನು ಕಲ್ಲಾಸ್ 1968ರಲ್ಲಿ ಲಾರ್ಡ್ ಹೇರ್‌ವುಡ್‌ಗೆ ಕೊಟ್ಟ ಸಂದರ್ಶನದಲ್ಲಿ ಹೇಳಿದ್ದಾರೆ. ಮೊದಲ ತಾಲೀಮು ಮುಗಿದ ಮೇಲೆ ಸೆರಾಫಿನ್, ಸಂಗೀತವೇನೋ ನಿಮಗೆ ಚೆನ್ನಾಗಿ ಬರುತ್ತದೆ, ಈಗ ಮನೆಗೆ ಹೋಗಿ ಈ ಸಾಲುಗಳನ್ನು ನಿಮಗೆ ನೀವೇ ಮಾತಾಡಿಕೊಳ್ಳಿ, ಎಲ್ಲಿ ಒತ್ತು ಬೀಳುತ್ತದೆ, ಎಲ್ಲಿ ತಡೆಯಬೇಕು ಎನಿಸುತ್ತದೆ ನೋಡಿ ಎಂದರಂತೆ. ಸ್ವರಗಳ ಅಳತೆಯನ್ನು ಕೆಡಿಸದೆ ಅವುಗಳೊಳಗೆ ಮಾತಿನ ಉಸಿರನ್ನು ತುಂಬುವ ಪಾಠ ಅದು. ಕಲ್ಲಾಸರ ರೆಚಿತತೀವೊ ಕೇಳುವಾಗ ಇಟಾಲಿಯನ್ ಬಾರದವರಿಗೂ ಇಲ್ಲಿ ಈಕೆ ಹಿಂಜರಿದಳು, ಇಲ್ಲಿ ಸುಳ್ಳು ಹೇಳುತ್ತಿದ್ದಾಳೆ ಎಂದು ತಿಳಿಯುವುದು ಈ ಪಾಠದಿಂದ. ಈ ಸಾಧನೆಗೆ ಒನಾಸಿಸ್ ಬೇಕಾಗಿರಲಿಲ್ಲ.

ಫ್ಲಾರೆನ್ಸ್‌ನ ನೋರ್ಮಾ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. 1949ರ ಜನವರಿಯಲ್ಲಿ ವೆನಿಸ್‌ನ ಲಾ ಫೆನೀಚೆ ರಂಗಮಂದಿರದಲ್ಲಿ ಕಲ್ಲಾಸ್ ವಾಗ್ನರನ ಬ್ರುನ್‌ಹಿಲ್ಡೆ ಹಾಡುತ್ತಿದ್ದರು. ಅದೇ ಮಂದಿರದಲ್ಲಿ ಬೆಲ್ಲೀನಿಯ ‘ಈ ಪುರಿತಾನಿ’ ಹಾಡಬೇಕಿದ್ದ ಮಾರ್ಗೆರೀತಾ ಕರೋಸಿಯೊ ಕಾಯಿಲೆ ಬಿದ್ದರು. ಅದು ಹಗುರ ಕೊರಳಿನವರ ಪಾತ್ರ. ಸೆರಾಫಿನ್ ಒತ್ತಾಯಕ್ಕೆ ಕಲ್ಲಾಸ್ ಕೆಲವೇ ದಿನಗಳಲ್ಲಿ ಅದನ್ನು ಕಲಿತು, ಒಂದು ಕಡೆ ಬ್ರುನ್‌ಹಿಲ್ಡೆಯನ್ನು ಮುಗಿಸಿ ಜನವರಿ 19ರಂದು ‘ಪುರಿತಾನಿ’ಗೆ ನಿಂತರು. ಇಟಲಿ ಬೆಚ್ಚಿದ್ದು ಆಗ. ಶತಮಾನದಿಂದ ಎರಡಾಗಿ ಹೋಗಿದ್ದ ದನಿ ಒಂದೇ ಕೊರಳಿನಲ್ಲಿ ಕೇಳಿಬಂತು.

ಇನ್ನೂ ಒಂದು ಸಂಗತಿ ಇದೆ, ನಾನು ಬಹಳ ಮುಖ್ಯ ಎಂದುಕೊಳ್ಳುವುದು. ಪಾಸ್ತಾ ಮೊದಲ ಬಾರಿ ಹಾಡಿದ ಮೂರು ದೊಡ್ಡ ಪಾತ್ರಗಳೆಂದರೆ ದೊನಿಜೆತ್ತಿಯ ‘ಆನ್ನಾ ಬೊಲೇನಾ’ (1830), ಬೆಲ್ಲೀನಿಯ ‘ಲಾ ಸೊನ್ನಾಂಬುಲಾ’ (1831), ಆಮೇಲೆ ‘ನೋರ್ಮಾ’. ಮೂರನ್ನೂ ಕಲ್ಲಾಸ್ ಹಾಡಿದರು. ಲುಕಿನೊ ವಿಸ್ಕೊಂತಿ ನಿರ್ದೇಶನದಲ್ಲಿ ಲಾ ಸ್ಕಾಲಾದಲ್ಲಿ 1955ರಲ್ಲಿ ‘ಸೊನ್ನಾಂಬುಲಾ’, 1957ರಲ್ಲಿ ‘ಆನ್ನಾ ಬೊಲೇನಾ’. ‘ಆನ್ನಾ ಬೊಲೇನಾ’ ಆಗ ಹೆಚ್ಚುಕಡಿಮೆ ಮರೆತೇ ಹೋಗಿದ್ದ ಕೃತಿ. ಕಲ್ಲಾಸ್ ದನಿಯ ಬಗ್ಗೆ ಟೀಕಾಕಾರರು ಹೇಳಿದ ದೂರೂ ಪಾಸ್ತಾ ಮೇಲೆ ಇದ್ದದ್ದೇ: ಮೂರು ಸ್ಥಾಯಿಗೆ ಮೂರು ಬಣ್ಣ, ನಡುವೆ ಮಬ್ಬು, ಮೇಲೆ ಒರಟು. ಅದೇ ಕಾಲದ ಗಾಯಕಿ ತೆಬಾಲ್ದಿಯ ದನಿಯ ಸವಿ ಇಲ್ಲಿಲ್ಲ ಎಂದು ಎಷ್ಟೋ ಜನ ಗೊಣಗಿದರು. ಸವಿಯಾದ ಸಮತಟ್ಟು ದನಿಗೆ ನೋರ್ಮಾ ಪೂರ್ತಿ ಒಲಿಯುವುದಿಲ್ಲ ಎಂದು ನಾನು ನಂಬಿದ್ದೇನೆ. ಸುಳ್ಳು ಹೇಳುವ ಅರ್ಚಕಿ, ಕಠಾರಿ ಹಿಡಿದ ತಾಯಿ, ಸೋತ ಪ್ರೇಯಸಿ, ಕುಲದ ನ್ಯಾಯಾಧೀಶೆ, ಈ ನಾಲ್ವರೂ ಒಬ್ಬಳಲ್ಲೇ ಇರುವಾಗ ಒಂದೇ ಬಣ್ಣದ ದನಿ ಏನು ಮಾಡೀತು?

ನೀವು ಕೇಳುತ್ತಿರುವ ‘ಕಾಸ್ತಾ ದೀವಾ’ವನ್ನೇ ತೆಗೆದುಕೊಳ್ಳಿ. ಬೆಲ್ಲೀನಿ ತಂದುಕೊಟ್ಟಾಗ ಪಾಸ್ತಾಗೆ ಇದು ತನ್ನ ಕೊರಳಿಗೆ ಒಗ್ಗದು ಎನಿಸಿತಂತೆ. ಒಂದು ವಾರ ದಿನಾ ಬೆಳಿಗ್ಗೆ ಹಾಡಿ ನೋಡಿ, ಆಮೇಲೂ ಬೇಡವೆನಿಸಿದರೆ ಬದಲಿಸುತ್ತೇನೆ ಎಂದರಂತೆ ಬೆಲ್ಲೀನಿ. ವಾರ ಕಳೆದ ಮೇಲೆ ಪಾಸ್ತಾ ಬದಲಿಸುವ ಮಾತೆತ್ತಲಿಲ್ಲ ಎನ್ನುವ ಕಥೆ ಪ್ರಸಿದ್ಧ. ಬೆಲ್ಲೀನಿ ಕೈಬರಹದಲ್ಲಿ ಹಾಡು ಜಿ ಮೇಜರ್ ಎಂಬ ಶ್ರುತಿಯಲ್ಲಿದೆ. ರಂಗದ ಮೇಲೆ ಒಂದು ಸ್ವರ ಇಳಿಸಿ ಎಫ್ ಮೇಜರ್‌ನಲ್ಲಿ ಹಾಡುವುದು ರೂಢಿ. ಕಲ್ಲಾಸ್ ಹಾಡುವುದೂ ಎಫ್‌ನಲ್ಲೇ.

ಇದನ್ನು ಬರಿಯ ಪ್ರಾರ್ಥನೆ ಎಂದು ಕೇಳಿದರೆ ಅರ್ಧ ಮಾತ್ರ ಕೇಳಿದಂತೆ. ಪ್ಯಾರಿಸ್ ವಿಡಿಯೊದ ಪೂರ್ತಿ ರೂಪ ಹುಡುಕಿ. ‘ಸೆದಿತ್ಸಿಯೋಜೆ ವೋಚಿ’ ಎಂದು ಶುರುವಾಗುವ ರೆಚಿತತೀವೊ ಮೊದಲು ಬರುತ್ತದೆ. ಅಲ್ಲಿ ನೋರ್ಮಾ ಯುದ್ಧಕ್ಕೆ ಹಾತೊರೆಯುವ ಜನರನ್ನು ಗದರಿಸುತ್ತಾಳೆ: ದೇವರ ಗುಡಿಯ ಬಳಿ ದಂಗೆಯ ಮಾತಾಡುವವರು ಯಾರು? ರೋಮ್ ತನ್ನ ಪಾಪದಿಂದಲೇ ಸಾಯುತ್ತದೆ, ಕಾಯಿರಿ. ಜನ ತಗ್ಗುತ್ತಾರೆ. ಕೊಳಲು ರಾಗವನ್ನು ಎತ್ತುತ್ತದೆ, ನೋರ್ಮಾ ಬೆಳದಿಂಗಳ ದೇವಿಯನ್ನು ಕರೆಯುತ್ತಾಳೆ. ಈ ಪವಿತ್ರ ಮರಗಳಿಗೆ ಬೆಳ್ಳಿ ಹೊದಿಸುವವಳೇ, ಸ್ವರ್ಗದಲ್ಲಿ ನೆಲೆಸುವಂತೆ ಮಾಡಿದ ಶಾಂತಿಯನ್ನು ಭೂಮಿಗೂ ಚೆಲ್ಲು. ಕೇಳುವ ಜನಕ್ಕೆ ಇದು ದೇವವಾಣಿ. ನಮಗೆ ಗೊತ್ತಿದೆ, ಶಾಂತಿ ಬೇಕಾಗಿರುವುದು ಅವಳಿಗೆ, ಯಾಕೆಂದರೆ ಯುದ್ಧವಾದರೆ ಮೊದಲು ಬೀಳುವ ತಲೆ ಪೊಲಿಯೋನೆಯದು. ಹಾಡಿನ ನಂತರ ಬರುವ ವೇಗದ ಭಾಗದಲ್ಲಿ ಜನ ರೋಮನ್ನರ ರಕ್ತ ಕೇಳುತ್ತಿರುವಾಗಲೇ ಅವಳು ಒಳಗೊಳಗೇ, ಮೊದಲಿನ ಪ್ರೀತಿಯೊಡನೆ ನನ್ನ ಬಳಿಗೆ ಮರಳು ಎಂದು ಬೇಡಿಕೊಳ್ಳುತ್ತಾಳೆ. ಯೂಟ್ಯೂಬಿನ ಎಷ್ಟೋ ತುಣುಕುಗಳಲ್ಲಿ ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ. ಹೀಗಾಗಿ ಹಾಡು ಸುಂದರ ಜೋಗುಳವಾಗಿಬಿಟ್ಟಿದೆ.

ಕಲ್ಲಾಸ್ ಆ ಎರಡು ಅರ್ಥವನ್ನೂ ದನಿಯಲ್ಲೇ ಇಡುತ್ತಾರೆ. ರಾಗ ಮೆಲ್ಲಗೆ ಏರುತ್ತ ಮೇಲಿನ ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತಿ ಹಿಡಿಯುವ ಜಾಗವಿದೆ. ಅಲ್ಲಿಂದ ಇನ್ನೊಂದು ಮೆಟ್ಟಿಲು ಏರಿ ಇಳಿಯಬೇಕು. ಎಷ್ಟೋ ಗಾಯಕಿಯರು ಅಲ್ಲಿ ಸುಮ್ಮನೆ ಶಕ್ತಿ ತೋರಿಸುತ್ತಾರೆ. ಕಲ್ಲಾಸ್ ಪ್ರತಿ ಒತ್ತಿಗೂ ಸ್ವಲ್ಪ ಸ್ವಲ್ಪ ದನಿ ಕೂಡಿಸಿ, ತುದಿ ಮುಟ್ಟಿದ ಕೂಡಲೇ ತೆಳುವಾಗಿಸುತ್ತಾರೆ. ಮೇಳದ ಎದುರಿಗೆ ಅವಳು ಅರ್ಚಕಿ, ತನ್ನೊಳಗೆ ಹೆದರಿದ ಹೆಣ್ಣು. ಅಲಂಕಾರದ ಸಣ್ಣ ಸ್ವರಗಳೂ ಆಕೆಯಲ್ಲಿ ಅಲಂಕಾರಕ್ಕಾಗಿ ಇರುವುದಿಲ್ಲ, ನಿಟ್ಟುಸಿರಾಗುತ್ತವೆ.

ಆದರೂ ನೋರ್ಮಾ ಎಂದರೆ ‘ಕಾಸ್ತಾ ದೀವಾ’ ಅಷ್ಟೇ ಅಲ್ಲ ಎಂದು ಒತ್ತಿ ಹೇಳಬೇಕು. ಕಲ್ಲಾಸ್ ದೊಡ್ಡವರೆನಿಸುವುದು ಎರಡನೆಯ ಅಂಕದಲ್ಲಿ. ‘ದೊರ್ಮೊನೊ ಎಂತ್ರಾಂಬಿ’ಯಲ್ಲಿ ಇಬ್ಬರೂ ಮಲಗಿದ್ದಾರೆ ಎಂದು ಮಕ್ಕಳನ್ನು ನೋಡುವ ತಾಯಿಗೆ ಮೊದಲು ರಾಗವೇ ಇಲ್ಲ, ಮುರಿದ ಮಾತುಗಳಷ್ಟೇ. ‘ಇನ್ ಮೀಯಾ ಮಾನ್’ನಲ್ಲಿ ಪೊಲಿಯೋನೆ ಕೈಗೆ ಸಿಕ್ಕಾಗ ಅವಳು ಕೂಗುವುದಿಲ್ಲ, ನಡುಸ್ಥಾಯಿಯಲ್ಲಿ, ಆತುರವಿಲ್ಲದೆ, ಕೊನೆಗೂ ನೀನು ನನ್ನ ಕೈಯಲ್ಲಿದ್ದೀಯ ಎನ್ನುತ್ತಾಳೆ. ಕಲ್ಲಾಸ್ ಅದನ್ನು ಹಾಡುವ ಮೆತ್ತಗಿನ ರೀತಿಗೆ ಮೈ ನಡುಗುತ್ತದೆ. ಆಮೇಲಿನ ‘ಸೋನ್ ಈಯೊ’ ಎರಡೇ ಪದ, ಹಿಂದೆ ವಾದ್ಯದ ಆಸರೆಯಿಲ್ಲ. ಸ್ವರ ಎನ್ನಲು ಅಲ್ಲಿ ಹೆಚ್ಚೇನೂ ಇಲ್ಲ. ಇಡೀ ಒಪೆರಾ ಆ ಎರಡು ಪದಗಳ ಮೇಲೆ ನಿಂತಿದೆ.

ಎಷ್ಟೋ ದೊಡ್ಡ ನಗರಗಳಲ್ಲಿ ಕಲ್ಲಾಸ್ ತನ್ನನ್ನು ಪರಿಚಯಿಸಿಕೊಂಡದ್ದು ಈ ಪಾತ್ರದಿಂದ. 1950ರಲ್ಲಿ ಮೆಕ್ಸಿಕೊ ನಗರ, 1952ರ ನವೆಂಬರ್‌ನಲ್ಲಿ ಲಂಡನ್‌ನ ಕೊವೆಂಟ್ ಗಾರ್ಡನ್, 1954ರ ನವೆಂಬರ್ 1ರಂದು ಹೊಸದಾಗಿ ಶುರುವಾದ ಶಿಕಾಗೊ ಲಿರಿಕ್, 1956ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್. ಈ ನಾಲ್ಕೂ ಕಡೆ ಮೊದಲ ರಾತ್ರಿ ನೋರ್ಮಾ. ಒಟ್ಟು 90ರ ಆಸುಪಾಸು ಸಲ ಹಾಡಿದರು, ಬೇರೆ ಯಾವ ಪಾತ್ರವನ್ನೂ ಅಷ್ಟು ಸಲ ಹಾಡಿಲ್ಲ. ಲಂಡನ್ ಪ್ರಯೋಗದಲ್ಲಿ ನೋರ್ಮಾಳ ಆಪ್ತೆ ಕ್ಲೊತೀಲ್ದೆಯ ಸಣ್ಣ ಪಾತ್ರ ಮಾಡಿದ್ದ ಹುಡುಗಿ ಜೋನ್ ಸದರ್‌ಲ್ಯಾಂಡ್. ಆಸ್ಟ್ರೇಲಿಯದ ಆ ಗಾಯಕಿಯೇ ಮುಂದೆ 1963ರಿಂದ ನೋರ್ಮಾ ಆಗಿ ಹೆಸರು ಮಾಡಿದರು.

ಈಗ ರೋಮ್. 1958ರ ಜನವರಿ 2, ರೋಮ್ ಒಪೆರಾದ ಋತುವಿನ ಮೊದಲ ರಾತ್ರಿ. ರಾಷ್ಟ್ರಾಧ್ಯಕ್ಷ ಜೊವಾನ್ನಿ ಗ್ರೊಂಕಿ ಬಂದಿದ್ದರು, ರೇಡಿಯೊದಲ್ಲಿ ನೇರ ಪ್ರಸಾರವಿತ್ತು. ಎರಡು ದಿನ ಮೊದಲು ಕಲ್ಲಾಸ್ ಅಲ್ಲೇ ಟೆಲಿವಿಷನ್‌ಗಾಗಿ ‘ಕಾಸ್ತಾ ದೀವಾ’ ಹಾಡಿದ್ದರು. ಹೊಸ ವರ್ಷದ ದಿನ ಗಂಟಲು ಕಟ್ಟಿತು. ಬದಲಿ ಗಾಯಕಿಯನ್ನು ಸಿದ್ಧವಾಗಿಡಿ ಎಂದರೂ ಒಪೆರಾದವರು ಇಟ್ಟಿರಲಿಲ್ಲ. ಮೊದಲ ಅಂಕ ಹೇಗೋ ಹಾಡಿದರು. ಮೇಲಿನ ಸಾಲುಗಳಿಂದ ಕೂಗುಗಳೂ ಬಂದವು. ಅಂಕ ಮುಗಿದ ಮೇಲೆ ಮುಂದುವರಿಸಲಾರೆ ಎಂದರು. ರಂಗಮಂದಿರದಿಂದ ಹೋಟೆಲಿಗೆ ಇದ್ದ ನೆಲದಡಿಯ ಹಾದಿಯಲ್ಲಿ ಹೊರಟುಹೋದರು. ಪ್ರದರ್ಶನ ನಿಂತಿತು. ರಾಷ್ಟ್ರಾಧ್ಯಕ್ಷರಿಗೆ ಅವಮಾನವಾಯಿತು ಎಂದು ಪತ್ರಿಕೆಗಳು ಹುಯಿಲೆಬ್ಬಿಸಿದವು, ವಿಷಯ ಸಂಸತ್ತಿಗೂ ಹೋಯಿತು, ಉಳಿದ ಪ್ರದರ್ಶನಗಳಿಂದ ಅವರನ್ನು ಕೈಬಿಟ್ಟು ಅನಿತಾ ಚೆರ್ಕ್ವೆತ್ತಿಯನ್ನು ಕರೆಸಿದರು. ಕಲ್ಲಾಸ್ ಮೊಕದ್ದಮೆ ಹೂಡಿದರು. ಹದಿಮೂರು ವರ್ಷ ಕಳೆದು ನ್ಯಾಯಾಲಯ, ಬದಲಿ ಗಾಯಕಿಯನ್ನು ಇಡದ ತಪ್ಪು ರೋಮ್ ಒಪೆರಾದ್ದು ಎಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆಕೆ ರಂಗ ಬಿಟ್ಟು ಎಷ್ಟೋ ವರ್ಷವಾಗಿತ್ತು.

ನನ್ನನ್ನು ಕೇಳಿದರೆ ಆ ರಾತ್ರಿ ಕಲ್ಲಾಸ್ ಮಾಡಿದ್ದು ಸರಿ. ಗಂಟಲು ಕೆಟ್ಟಾಗಲೂ ನಿಭಾಯಿಸಬಹುದಾದ ಪಾತ್ರಗಳಿವೆ, ಇದು ಅಂಥದ್ದಲ್ಲ. ಮೊದಲ ಅಂಕಕ್ಕಿಂತ ಭಾರವಾದ ಎರಡನೆಯದು ಇನ್ನೂ ಪೂರ್ತಿ ಬಾಕಿಯಿತ್ತು. ನೀವು ನೋಡಿದ ಪ್ಯಾರಿಸ್ ವಿಡಿಯೊ ಅದೇ ವರ್ಷದ ಡಿಸೆಂಬರ್ 19ರದ್ದು. ಪಾಲೇ ಗಾರ್ನಿಯೆ ಎಂಬ ಒಪೆರಾ ಮಂದಿರದಲ್ಲಿ ಫ್ರಾನ್ಸಿನ ಅಧ್ಯಕ್ಷರೂ ಸೇರಿದಂತೆ ಗಣ್ಯರೆಲ್ಲ ಕೂತಿದ್ದ ಸಭೆಯಲ್ಲಿ ಕಲ್ಲಾಸ್ ಮೊದಲು ಎತ್ತಿಕೊಂಡದ್ದು ಅದೇ ನೋರ್ಮಾವನ್ನು, ಅದೇ ಹಾಡನ್ನು. ರೋಮ್‌ನ ಗಲಾಟೆ ಗೊತ್ತಿದ್ದು ಆ ವಿಡಿಯೊ ನೋಡಿದರೆ ಆಕೆಯ ಎದೆಗಾರಿಕೆ ಅರ್ಥವಾಗುತ್ತದೆ.

ದನಿ ಕುಂದತೊಡಗಿದ್ದೂ ಈ ಪಾತ್ರದಲ್ಲಿ ಗೊತ್ತಾಯಿತು. ಯಾಕೆ ಕುಂದಿತು ಎಂಬ ವಾದ ಇನ್ನೂ ಮುಗಿದಿಲ್ಲ. 1953-54ರಲ್ಲಿ ತೂಕ ಬಹಳ ಇಳಿಸಿಕೊಂಡದ್ದು ಒಂದು ಕಾರಣ ಅನ್ನುತ್ತಾರೆ, ಚಿಕ್ಕ ವಯಸ್ಸಿನಲ್ಲೇ ಭಾರದ ಪಾತ್ರಗಳನ್ನು ಹೊತ್ತದ್ದು ಇನ್ನೊಂದು; ಎರಡನೆಯದರಲ್ಲಿ ಹೆಚ್ಚು ಹುರುಳಿದೆ ಎಂದು ನನಗನಿಸುತ್ತದೆ. 1960ರ ಆಗಸ್ಟ್‌ನಲ್ಲಿ ಗ್ರೀಸಿನ ಎಪಿದಾವ್ರೊಸ್‌ನ ಪ್ರಾಚೀನ ಬಯಲು ರಂಗದಲ್ಲಿ, ಸೆರಾಫಿನ್ ಜೊತೆಗೇ, ಸ್ವಂತ ಜನರ ನಡುವೆ ನೋರ್ಮಾ ಹಾಡಿದರು. ಕೊನೆಯವು ಪ್ಯಾರಿಸ್ಸಿನಲ್ಲಿ, ಫ್ರಾಂಕೊ ಜೆಫಿರೆಲ್ಲಿಯ ನಿರ್ದೇಶನದಲ್ಲಿ, 1964 ಮತ್ತು 1965ರಲ್ಲಿ. 1965ರ ಮೇ 29ರಂದು ಕೊನೆಯ ದೃಶ್ಯಕ್ಕೆ ಬರಲು ಆಗಲಿಲ್ಲ, ಪರದೆ ಬಿತ್ತು. ಆಮೇಲೆ ಅವರು ನೋರ್ಮಾ ಹಾಡಲಿಲ್ಲ. ಅದೇ ವರ್ಷದ ಜುಲೈ 5ರಂದು ಲಂಡನ್‌ನಲ್ಲಿ ‘ತೋಸ್ಕಾ’ ಹಾಡಿ ಒಪೆರಾ ರಂಗವನ್ನೇ ಬಿಟ್ಟರು.

ಪಾಸ್ತಾ ಕಥೆಯೂ ಹೀಗೇ ಮುಗಿದಿತ್ತು. 1850ರಲ್ಲಿ ಲಂಡನ್‌ಗೆ ಬಂದು ಹಾಡಿದಾಗ ದನಿ ಪೂರ್ತಿ ಹಾಳಾಗಿತ್ತು, ಕೇಳಿದವರು ಮರುಗಿದರು. ಸಭೆಯಲ್ಲಿದ್ದ ಗಾಯಕಿ ಪೌಲೀನ್ ವಿಯಾರ್ದೊ ಮಾತ್ರ, ಇದು ಮಿಲಾನ್‌ನಲ್ಲಿರುವ ಲಿಯೊನಾರ್ದೊನ ‘ಕೊನೆಯ ಭೋಜನ’ದಂತೆ, ಚಿತ್ರ ಹಾಳಾಗಿದೆ, ಆದರೂ ಜಗತ್ತಿನ ಅತಿ ದೊಡ್ಡ ಚಿತ್ರ ಅದೇ ಎಂದರು. ಕಲ್ಲಾಸರ ಕೊನೆಯ ವರ್ಷಗಳ ಮುದ್ರಣಗಳನ್ನು ಕೇಳಿ ತಲೆಯಾಡಿಸುವವರಿಗೆ ನಾನು ಈ ಮಾತನ್ನು ನೆನಪಿಸುತ್ತಿರುತ್ತೇನೆ.

ಯಾವುದನ್ನು ಕೇಳಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲು 1954ರ ಸ್ಟುಡಿಯೊ ಮುದ್ರಣ, ಸೆರಾಫಿನ್ ನಡೆಸಿದ್ದು. ಪದ್ಯಗಳ ಅರ್ಥವನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ಸಂಜೆಗೆ ಒಂದು ಅಂಕದಂತೆ ಕೇಳಿ. ಆಮೇಲೆ 1955ರ ಡಿಸೆಂಬರ್ 7ರಂದು ಲಾ ಸ್ಕಾಲಾದ ಋತು ಶುರುವಾದ ರಾತ್ರಿಯ ಮುದ್ರಣ. ಸದ್ದು ಒರಟು, ಕೆಮ್ಮು ಗದ್ದಲಗಳೂ ಕೇಳುತ್ತವೆ, ಆದರೆ ಎದುರಿಗೆ ಪೊಲಿಯೋನೆಯಾಗಿ ಮಾರಿಯೊ ದೆಲ್ ಮೊನಾಕೊ, ಪಕ್ಕದಲ್ಲಿ ಅದಾಲ್ಜೀಸಾ ಆಗಿ ಜುಲಿಯೆತ್ತಾ ಸಿಮಿಯೊನಾತೊ, ಕಲ್ಲಾಸ್ ಶಿಖರದಲ್ಲಿದ್ದಾರೆ. 1960ರ ಸ್ಟೀರಿಯೊ ಮುದ್ರಣವನ್ನು ಕೊನೆಗಿಟ್ಟುಕೊಳ್ಳಿ. ಅಲ್ಲಿ ಮೇಲಿನ ಸ್ವರಗಳು ಅಲುಗಾಡುತ್ತವೆ. ಮಾತಿನ ಆಳ ಮಾತ್ರ 1954ಕ್ಕಿಂತ ಹೆಚ್ಚು, ಪೊಲಿಯೋನೆಯಾಗಿ ಫ್ರಾಂಕೊ ಕೊರೆಲ್ಲಿಯೂ ಅದಾಲ್ಜೀಸಾ ಆಗಿ ಕ್ರಿಸ್ಟಾ ಲುಡ್ವಿಗ್ ಕೂಡ ಇದ್ದಾರೆ. ಹೋಲಿಸಿ ನೋಡಬೇಕೆನಿಸಿದರೆ ಸದರ್‌ಲ್ಯಾಂಡ್ ಮತ್ತು ಮೆರಿಲಿನ್ ಹಾರ್ನ್ ಜೋಡಿಯ 1964ರ ಮುದ್ರಣವಿದೆ. ಪಾಸ್ತಾ ಕಾಲದ ನೋರ್ಮಾ ಹೇಗಿದ್ದಿರಬಹುದು ಎಂಬ ಕುತೂಹಲವಿದ್ದರೆ ಚೆಚೀಲಿಯಾ ಬಾರ್ತೊಲಿ ಹಾಡಿ 2013ರಲ್ಲಿ ಬಿಡುಗಡೆಯಾದದ್ದನ್ನು ಕೇಳಿ. ಅದರಲ್ಲಿ ಹಳೆಯ ಕಾಲದ ವಾದ್ಯಗಳನ್ನು ಬಳಸಿದ್ದಾರೆ, ಅದಾಲ್ಜೀಸಾ ಪಾತ್ರವನ್ನೂ ಬೆಲ್ಲೀನಿ ಬರೆದಂತೆ ಎಳೆಯ ಸೊಪ್ರಾನೊ ದನಿಗೇ ಕೊಟ್ಟಿದ್ದಾರೆ.